ತುಂಗಾಳ ಎಡಗೈ

ಆ ಪುಟವನ್ನು ಪಾಸು ಮಾಡಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳದೆ ಬೇರೆಯವರನ್ನು ಬೈದರೆ ನ್ಯಾಯವಾಗಲಿಕ್ಕಿಲ್ಲ.

ಹತ್ತೊಂಬತ್ತು ವರ್ಷಗಳಿಂದ ಭಾನುವಾರ ಟಿವಿಯಲ್ಲಿ ಬರುವ ‘ಏಳನೇ ಕಕ್ಷೆ’ ಎಂಬ ಬಾಹ್ಯಾಕಾಶ ಧಾರಾವಾಹಿಯನ್ನು ಹುಬ್ಬಳ್ಳಿಯ ಪ್ರಕಾಶಕರೊಬ್ಬರು ಕಾಮಿಕ್ಸ್ ಪುಸ್ತಕವಾಗಿ ತರುತ್ತಿದ್ದರು. ಪಾತ್ರಗಳ ಬಾಯಿಂದ ಹೊರಡುವ ಗುಳ್ಳೆಗಳಲ್ಲಿ ಕನ್ನಡ ಮಾತು ಬರೆಯುವ ಕೆಲಸ ನನಗೆ ಸಿಕ್ಕಿತ್ತು. ನಾನು ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಹಾಳೆ ಆರಿಸುವವಳು, ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದವಳು. ನನ್ನಂಥವಳ ಹೆಸರು ಪುಸ್ತಕದಲ್ಲಿ ಬರುತ್ತದೆಂದರೆ ನನಗೇ ನಂಬಿಕೆಯಿರಲಿಲ್ಲ. ಪ್ರತಿ ಗುಳ್ಳೆಯನ್ನೂ ಮೂರು ಸಲ ತಿದ್ದಿದೆ.

ಹಾಳೆ ಆರಿಸುವುದೆಂದರೆ ಒಂದೊಂದನ್ನೇ ಸರಿಸಿ ಕಲೆ, ಸುಕ್ಕು, ತೂತು ಹುಡುಕುವುದು. ಪ್ರತಿ ಕಟ್ಟಿನೊಳಗೆ ನಮ್ಮ ನಂಬರಿನ ಚೀಟಿ ಇಡುತ್ತೇವೆ. ಕಲೆಯ ಹಾಳೆ ಹೊರಗೆ ಹೋದರೆ ಕಟ್ಟು ಆ ಚೀಟಿಯವಳ ಮೇಜಿಗೇ ವಾಪಸು. ಹನ್ನೊಂದು ವರ್ಷದಲ್ಲಿ ನನ್ನ ಚೀಟಿ ಎರಡೇ ಸಲ ವಾಪಸು ಬಂದಿದೆ. ಎರಡು ಸಲವೂ ಊಟ ಸೇರಲಿಲ್ಲ.

ಚಿತ್ರವಿದ್ದ ಎಲ್ಲ ಪುಟಕ್ಕೂ ಮಾತು ತುಂಬಿ, ಸರಿಯಿದೆ ಎಂದು ಕಳಿಸಿದ ಮೇಲೆ ಒಂದು ಪ್ರತಿಯನ್ನು ಮೆಹಬೂಬ ಚಾಚಾನ ಗ್ಯಾರೇಜಿಗೆ ಒಯ್ದೆ. ಚಾಚಾ ನಮ್ಮ ಓಣಿಯವರು. ಜೀಪಿನ ರೇಡಿಯೇಟರ್ ಮುಚ್ಚಳ ತೆಗೆಯುವಾಗ ಹಾರಿದ ಕುದಿನೀರಿಗೆ ಅವರ ಎಡಗೈ ಸುಟ್ಟು ಮುರುಟಿದೆ. ಮದುವೆಮನೆಯಲ್ಲೂ ಅದನ್ನು ಜೇಬಿನಿಂದ ತೆಗೆಯುತ್ತಿರಲಿಲ್ಲ. ಆಮೇಲೆ ಧಾರಾವಾಹಿಯಲ್ಲಿ ನೌಕೆಯ ಮೆಕ್ಯಾನಿಕ್ ತುಂಗಾ ಬಂದಳು. ಬೆಂಕಿಗೆ ಬೆಂದ ಎಡಗೈ ಎತ್ತಿ, “ಈ ಕೈ ಇರೂತನಕ ನೌಕೆ ನಿಲ್ಲಾಂಗಿಲ್ಲ” ಅಂದಳು. ಚಾಚಾ ಅಂದಿನಿಂದ ಕೈ ಹೊರಗೆ ತೆಗೆದರು. ಪುಸ್ತಕದಲ್ಲಿ ಅವಳನ್ನು ಮೊದಲು ನಿಮಗೇ ತೋರಿಸುತ್ತೇನೆಂದು ಮಾತು ಕೊಟ್ಟಿದ್ದೆ.

ಚಾಚಾ ಟಯರಿನ ಮೇಲೆ ಕುಳಿತು ಪುಟ ತಿರುವಿದರು. ಮೂವತ್ತೊಂದರಲ್ಲಿ ನಿಂತರು.

“ಈಕಿ ಯಾರ?”

“ತುಂಗಾ, ಚಾಚಾ.”

“ಸುಳ್ಳ ಹೇಳಬ್ಯಾಡ ಇಶ್ರತ. ಈಕಿ ಸಾಬೂನಿನ ಜಾಹೀರಾತಿನಾಕಿ. ಇಂಥಾ ಕೈಯಾಗ ನಾ ನನ್ನ ನಟ್ಟು ಬಿಚ್ಚೋ ಪಾನಾ ಕೊಡಾಂಗಿಲ್ಲ.”

ಆಗ ನೋಡಿದೆ. ಎಂಜಿನ್ ಕೋಣೆಯಲ್ಲಿ ಬರಿಸೊಂಟ, ಉಗುರಿಗೆ ಬಣ್ಣ, ಕೆನೆಯಂಥ ಎಡಗೈ. ಸುಟ್ಟ ಗುರುತೇ ಇಲ್ಲ. ಬಾಯಿಗೆ ಕೂದಲು ಸಿಕ್ಕಂತಾಯಿತು. ಆ ಕೈಯ ಮೇಲಿನ ಗುಳ್ಳೆಯಲ್ಲಿ “ಈ ಕೈ ಇರೂತನಕ” ಎಂದು ಬರೆದದ್ದು ನಾನು! ಕಲೆ ಹುಡುಕಿ ಹುಡುಕಿ, ಕಲೆ ಇಲ್ಲದ್ದನ್ನೆಲ್ಲ ಪಾಸು ಮಾಡುವ ಕಣ್ಣಾಗಿಬಿಟ್ಟಿದೆ ನನ್ನದು. ಚಿತ್ರ ಬರೆದವನಿಗಿಂತ ನನ್ನ ಮೇಲೆಯೇ ಹೆಚ್ಚು ಹೇಸಿಗೆಯಾಯಿತು.

ಚಾಚಾ ಪ್ರತಿಯನ್ನು ಮುಚ್ಚಿ ನನ್ನ ಕೈಗಿಟ್ಟರು. ಎಡಗೈ ಜೇಬಿಗೆ ಹೋಯಿತು.

ಗ್ಯಾರೇಜಿನ ಹೊರಗೆ ನಿಂತು ಸಂಪಾದಕ ಸಂಜೀವಕುಮಾರರಿಗೆ ಫೋನ್ ಮಾಡಿದೆ.

“ಸರ್, ತುಂಗಾನ ಕೈ ಸುಟ್ಟದ್ದೈತ್ರಿ.”

“ಗೊತ್ತೈತ್ರಿ ಮೇಡಂ. ಟಿವಿಯಾಗ ದೂರಿಂದ ನಡೀತೈತಿ. ಪುಸ್ತಕ ಮಂದಿ ಕೈಯಾಗ ಹಿಡಕೊಂಡು ಓದ್ತಾರ. ಅಂಥಾ ಕೈ ನೋಡಿದ್ರ ಹೇಸಿಗಿ ಆಗಾಂಗಿಲ್ಲೇನ್ರಿ?”

“ನನಗ ಈ ಕೈ ನೋಡಿ ಹೇಸಿಗಿ ಆಗೇತ್ರಿ.”

“ನಾಳೆ ಪ್ರಿಂಟಿಗೆ ಹೊಂಟೈತಿ. ನೀವು ಮಾತಷ್ಟ ನೋಡ್ರಿ, ಚಿತ್ರ ನಮಗ ಬಿಡ್ರಿ.”

ಹೆಚ್ಚು ಮಾತಾಡುತ್ತಿದ್ದೇನೇನೋ ಅನಿಸಿತು, ಆದರೂ ಅಂದೆ. “ಹಂಗಾದ್ರ ನನ್ನ ಹೆಸರು ತಗೀರಿ.”

“ತಗದ್ರ ಮುಂದಿನ ಭಾಗನೂ ನಿಮಗಿಲ್ಲ, ನೋಡ್ರಿ ಮತ್ತ.”

“ಇರ್ಲಿ ರೀ. ಬರದು ಕಳಸ್ತೇನಿ.”

ಎರಡು ಸಾಲಿನ ಪತ್ರ. ಮೂರು ಸಲ ತಿದ್ದಿ ಕಳಿಸಿದೆ.

ತಿಂಗಳ ನಂತರ ಪುಸ್ತಕ ಬಸ್‌ಸ್ಟ್ಯಾಂಡಿನ ಅಂಗಡಿಗೆ ಬಂತು. ತುಂಗಾ ಹಾಗೆಯೇ ಇದ್ದಳು. ನನ್ನ ಹೆಸರಿರಲಿಲ್ಲ. ಒಂದು ಕೊಂಡು ಗ್ಯಾರೇಜಿಗೆ ಹೋಗಿ ಚಾಚಾಗೆ ತೋರಿಸಿದೆ. ಬಲಗೈಯಿಂದ ಮೊದಲ ಪುಟ ತೆರೆದು ಹುಡುಕಿದರು.

“ನಿನ್ನ ಹೆಸರೆಲ್ಲೈತಿ?”

“ತಗಿಸೀನಿ.”

“ಹುಚ್ಚಿ!” ಅಂದರು. ಆಮೇಲೆ ಎಡಗೈ ಹೊರಗೆ ಬಂತು. ಮೂವತ್ತೊಂದನೇ ಪುಟವನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದರು. “ಕಾಗದಾದ್ರೂ ಚಲೋ ಐತಿ. ನಿಮ್ಮ ಮಿಲ್ಲಿಂದೇನು?”

ಬೆರಳಿನ ಗ್ರೀಸು ತುಂಗಾಳ ಬಿಳಿ ಮುಂಗೈಗೆ ಹತ್ತಿಕೊಂಡಿತು.

“ಅಯ್ಯ, ಕಲೆ ಬಿತ್ತಲ್ಲ ಬೇಟಿ!”

ಅವರು ಒರೆಸಲು ಬಟ್ಟೆ ಹುಡುಕುವಷ್ಟರಲ್ಲಿ ನಾನು ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡೆ.