ಬಾಯೊಳಗಿನ ಮರಿಗಳು

ಮಗ ಮುಬಾರಕ್ ಸತ್ತ ಮೇಲೆ ಲಾಲ್‌ಸಾಬ್ ಅವನ ಹೆಸರೆತ್ತಿರಲಿಲ್ಲ. ಅವನು ಸಾಕಿದ್ದ ಮೀನುಗಳನ್ನೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ಹೊನ್ನಾಳಿಯಲ್ಲಿ ಹಾಸಿಗೆ ಹೊಲಿಯುವ ಮನೆತನ ಅವರದು. ಮುಬಾರಕ್ ಮಾತ್ರ ನ್ಯಾಮತಿ ಕಡೆ ಟೆಂಪೊ ಓಡಿಸುತ್ತಿದ್ದ. ಜ್ವರ ಬಂದು ವಾರದೊಳಗೇ ಹೋಗಿಬಿಟ್ಟ. ಈಗ ಗಾಜಿನ ತೊಟ್ಟಿ ನೋಡಿಕೊಳ್ಳುತ್ತಿದ್ದವಳು ಅವನ ಹೆಂಡತಿ ನಿಲೋಫರ್.

ಅವು ಆಫ್ರಿಕಾದ ಸರೋವರಗಳ ಸಿಕ್ಲಿಡ್ ಮೀನುಗಳು. ಗಂಡು ಮೀನು ನವಿಲಿನ ಕೊರಳಿನಂಥ ನೀಲಿ, ಕಣ್ಣಿಗೆ ಕಾಡಿಗೆ ಎಳೆದಂಥ ಕಪ್ಪು ಗೆರೆ, ಕೆಳಗಿನ ರೆಕ್ಕೆಯಲ್ಲಿ ಹಳದಿ ಚುಕ್ಕೆ. ಬಾಯಲ್ಲಿ ಮರಳು ಕಚ್ಚಿ ಆಚೆ ಉಗುಳಿ ಗುಂಡಿ ತೋಡುತ್ತಿತ್ತು, ಹತ್ತಿರ ಬಂದದ್ದನ್ನೆಲ್ಲ ಅಟ್ಟುತ್ತಿತ್ತು. ಹೆಣ್ಣುಗಳದು ಬರೀ ಬೂದಿ ಬಣ್ಣ. ಅವುಗಳಲ್ಲೊಂದು ಕೆಲವು ದಿನಗಳಿಂದ ಆಹಾರ ಮುಟ್ಟದೆ ಕಲ್ಲಿನ ಸಂದಿಯಲ್ಲಿ ನಿಂತುಬಿಟ್ಟಿತ್ತು. ಗಂಟಲು ಉಬ್ಬಿತ್ತು. ಏನೋ ಅಗಿಯುವಂತೆ ದವಡೆ ಆಡಿಸುತ್ತಿತ್ತು.

ನಿಲೋಫರ್ ಇದನ್ನು ಅತ್ತೆ ಅಖ್ತರ್‌ಬೀಗೆ ಹೇಳುತ್ತಿದ್ದುದು ಲಾಲ್‌ಸಾಬರ ಕಿವಿಗೂ ಬಿತ್ತು.

"ಈ ಮನ್ಯಾಗೆ ಇನ್ನೊಂದು ಸಾವು ನೋಡಾಕೆ ನನ್ ಕೈಲಿ ಆಗಲ್ಲ. ಅದನ್ನ ಹೊಳೆಗೆ ಬಿಟ್ ಬರ್ತೀನಿ," ಎಂದು ಎದ್ದರು.

"ಬ್ಯಾಡ್ರಿ ಮಾವ, ಅವರು ಸಾಕಿದ್ದು," ಎಂದು ನಿಲೋಫರ್ ಬೇಡಿಕೊಂಡಳು. ಲಾಲ್‌ಸಾಬ್ ಕೇಳಲಿಲ್ಲ. ಬಕೆಟ್ಟಿಗೆ ತೊಟ್ಟಿಯ ನೀರನ್ನೇ ತುಂಬಿಕೊಂಡು, ಪುಟ್ಟ ಬಲೆಯಲ್ಲಿ ಮೀನನ್ನು ಎತ್ತಿದರು. ಮೇಲೆ ಬಂದದ್ದೇ ಅದು ಬಾಯಿ ತೆರೆಯಿತು. ಜೀರಿಗೆ ಗಾತ್ರದ ಏನೇನೋ ಬಲೆಯ ತುಂಬ ಉದುರಿದವು. ಒಂದೊಂದಕ್ಕೂ ಎರಡೆರಡು ಕಪ್ಪು ಕಣ್ಣು.

"ಯಾ ಅಲ್ಲಾ! ಮರಿ ಅದಾವ್ರೀ!" ಅಖ್ತರ್‌ಬೀ ಕೂಗಿದಳು. "ಬಾಯಾಗೆ ಇಟ್ಕೊಂಡೈತೆ. ಅದಕ್ಕೇ ಉಂಡಿಲ್ಲ!"

ಲಾಲ್‌ಸಾಬ್ ಥಟ್ಟನೆ ತಿರುಗಿದರು, ಬಲೆ ಓರೆಯಾಯಿತು. ಕೆಲವು ಮರಿಗಳು ನೆಲಕ್ಕೆ ಬಿದ್ದವು. ನಿಲೋಫರ್ ಬಲೆ ಕಸಿದು ತಾಯಿಯನ್ನೂ ಮರಿಗಳನ್ನೂ ಬಕೆಟ್ಟಿಗೆ ಬಿಟ್ಟಳು. ಲಾಲ್‌ಸಾಬ್ ಮಂಡಿಯೂರಿ, ಬೆರಳು ಒದ್ದೆ ಮಾಡಿಕೊಂಡು, ನೆಲದ ಮೇಲಿನವನ್ನು ಒಂದೊಂದಾಗಿ ಅಂಟಿಸಿ ತೆಗೆದು ಬಕೆಟ್ಟಿಗೆ ಬಿಟ್ಟರು.

ಮೀನು ಬಹಳ ಹೊತ್ತು ತಳದಲ್ಲಿ ಅಲ್ಲಾಡದೆ ನಿಂತಿತ್ತು. ಆಮೇಲೆ ಮೆಲ್ಲಗೆ ತಲೆ ತಗ್ಗಿಸಿತು. ಮರಿಗಳು ಅದರ ಮೂತಿಯ ಹತ್ತಿರ ಗುಂಪುಗೂಡಿದವು. ಬಾಯಿ ತೆರೆದು ಒಂದನ್ನು ಎಳೆದುಕೊಂಡಿತು. ಮತ್ತೊಂದು, ಇನ್ನೊಂದು. ನೆಲಕ್ಕೆ ಬಿದ್ದವುಗಳಲ್ಲಿ ಕೆಲವು ಮಾತ್ರ ಹಾಗೇ ತಳ ಸೇರಿ ಉಳಿದವು.

"ನನ್ ಕೈಯಿಂದ್ಲೇ ಹೋದುವಲ್ಲ," ಎಂದರು ಲಾಲ್‌ಸಾಬ್. ಖಬರಸ್ಥಾನದಲ್ಲೂ ಅಳದಿದ್ದವರು, ಬಕೆಟ್ಟಿನ ಅಂಚು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಅಖ್ತರ್‌ಬೀ ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈಯಿಟ್ಟಳು.

ನಿಲೋಫರ್ ಆ ಮೀನಿಗೆ ಬೇರೆ ತೊಟ್ಟಿ ಮಾಡಿದಳು. ಮರಿಗಳು ಹೊರಬಂದು ಅಡ್ಡಾಡತೊಡಗಿದವು. ಯಾರದಾದರೂ ನೆರಳು ಬಿದ್ದರೆ ಓಡಿ ತಾಯಿಯ ಬಾಯಿ ಸೇರುತ್ತಿದ್ದವು. ತುಸು ಬಲಿತ ಮೇಲೆ ಒಂದು ದಿನ ಅವು ಬಂದರೂ ತಾಯಿ ಬಾಯಿ ತೆರೆಯಲಿಲ್ಲ. ಅಂದೇ ಅದು ಮೇಲೆ ಬಂದು ಆಹಾರ ತಿಂದಿತು.

ಲಾಲ್‌ಸಾಬ್ ತೊಟ್ಟಿಯ ಮುಂದೆ ಸ್ಟೂಲ್ ಎಳೆದುಕೊಂಡು ಕೂತಿದ್ದರು.

"ನಿಲೋಫರ್," ಎಂದು ಕರೆದರು. "ಸಣ್ಣವಕ್ಕೆ ಮುಬಾರಕ್ ಏನ್ ಹಾಕ್ತಿದ್ದ?"

ಅವಳು ಪೊಟ್ಟಣ ತಂದುಕೊಟ್ಟಳು. ಅವರು ಒಂದು ಚಿಟಿಕೆ ತೆಗೆದು, ಬೆರಳುಗಳ ನಡುವೆ ನುಣ್ಣಗೆ ಪುಡಿ ಮಾಡಿ, ನೀರಿನ ಮೇಲೆ ಉದುರಿಸಿದರು.