ಚೆಲುವರಾಜು ಒಪ್ಪಿದ ಬಿಯರ್

ಜಯಲಕ್ಷ್ಮಿಪುರಂನ ಆ ಸಣ್ಣ ಬ್ರೂವರಿಯಲ್ಲಿ ಬಿಯರ್ ತಯಾರಿಸುವವನು ಚೆಲುವರಾಜು. ಅವನ ನಾಲಿಗೆ ಒಪ್ಪಿದ ಮೇಲೆಯೇ ತೊಟ್ಟಿಯ ಬಿಯರ್ ಗಿರಾಕಿಗೆ ಹೋಗಬೇಕು. ಹೋದ ತಿಂಗಳ ಜ್ವರ ಅವನ ಮೂಗು, ನಾಲಿಗೆ ಎರಡನ್ನೂ ಕೊಂದುಹಾಕಿತ್ತು. ಹೇಳಿದರೆ ಕೆಲಸ ಹೋಗುತ್ತದೆಂದು ಅವನು ಯಾರಿಗೂ ಹೇಳದೆ, ದೇವರ ಮೇಲೆ ಭಾರ ಹಾಕಿ ಪ್ರತಿ ತೊಟ್ಟಿಗೂ ಸರಿಯೆಂದು ತಲೆಯಾಡಿಸುತ್ತ ಬಂದಿದ್ದ.

ಶನಿವಾರ ಸಂಜೆ ಖಾಯಂ ಗಿರಾಕಿಗಳಾದ ರಂಜನಿ, ಅಭಿನವ ಅಲ್ಲಿನ ಬಿಯರ್ ರುಚಿಯ ಬಗ್ಗೆ ಎಂದಿನ ಜಗಳಕ್ಕೆ ಬಿದ್ದಿದ್ದರು.

“ಒಂದ್ಸಲ ಇದ್ದಂಗೆ ಇನ್ನೊಂದ್ಸಲ ಇರಲ್ಲ ಕಣೋ. ಇವತ್ತಂತೂ ಹಳಸಿದೆ,” ಎಂದಳು ರಂಜನಿ.

“ನಿಮ್ಮನೆ ಸಾರು ದಿನಾ ಒಂದೇ ಥರ ಇರುತ್ತಾ? ಚೆಲುವಣ್ಣ ಒಪ್ಪದೆ ಒಂದು ಲೋಟನೂ ಹೊರಗೆ ಬರಲ್ಲ, ಸುಮ್ನಿರು,” ಎಂದ ಅಭಿನವ.

ರಂಜನಿ ತನ್ನ ಲೋಟವನ್ನು ಪಕ್ಕದಲ್ಲೇ ನಿಂತಿದ್ದ ಚೆಲುವರಾಜುವಿಗೆ ಕೊಟ್ಟಳು. “ನೀವೇ ಹೇಳಿ.”

ಅವನು ಕುಡಿದ. ತಣ್ಣಗಿದೆ ಎನ್ನುವುದಷ್ಟೇ ಗೊತ್ತಾಯಿತು.

“ಫ್ರೆಶ್ಶಾಗೇ ಇದೆ ಮೇಡಂ.”

ಅಭಿನವ ಗೆದ್ದವನಂತೆ ನಗುತ್ತ ಅದೇ ಲೋಟದಿಂದ ಒಂದು ಗುಟುಕು ಕುಡಿದ. ಅವನ ಮುಖ ಕಿವುಚಿಕೊಂಡಿತು. ಲೋಟವನ್ನು ಮೆಲ್ಲಗೆ ಕೆಳಗಿಟ್ಟ.

“ವಿನಿಗರ್ ಆಗ್ಬುಟ್ಟಿದೆಯಲ್ಲಣ್ಣ. ನಿಮಗೆ ಗೊತ್ತಾಗ್ಲಿಲ್ವಾ?”

ಚೆಲುವರಾಜು ತಿರುಗಿ ನೋಡಿದ. ಗಾಜಿನ ಗೋಡೆಯಾಚೆ ತುಂಬಿದ ತೊಟ್ಟಿಗಳು ಸಾಲಾಗಿ ನಿಂತಿದ್ದವು. ಎಲ್ಲವನ್ನೂ ಅವನೇ ರುಚಿ ನೋಡಿ ಒಪ್ಪಿದ್ದ.