ಎರಡು ಸಲ ಬಡಿದರೆ

ನನ್ನ ಬಾಯಿ ನಿಲ್ಲುವುದಿಲ್ಲ ಅಂತ ಊರಿಗೆಲ್ಲ ಗೊತ್ತು. ಹಂದಿ ಮಾಂಸದ ಫ್ಯಾಕ್ಟರಿಯಲ್ಲಿ, ಎಲ್ಲರೂ ಕಿವಿಗೆ ಬಿರಡೆ ಹಾಕಿಕೊಂಡು ನಿಲ್ಲುವ ಆ ಗದ್ದಲದಲ್ಲೂ ಮಾತಾಡುತ್ತಿದ್ದವಳು ನಾನೊಬ್ಬಳೇ. ಯಾರಿಗೂ ಕೇಳುತ್ತಿರಲಿಲ್ಲ, ಅದು ಬೇರೆ ಮಾತು. ಕೇಳಿಸಲೇಬೇಕಾದ್ದನ್ನು ನಾವು ಚೂರಿಯ ಹಿಡಿಯಿಂದ ಹೇಳುತ್ತಿದ್ದೆವು. ಸ್ಟೀಲ್ ಮೇಜಿನ ಅಂಚಿಗೆ ಒಂದು ಸಲ ಕುಟ್ಟಿದರೆ, ಸರಿ, ನಡೀಲಿ. ಎರಡು ಸಲ ಕುಟ್ಟಿದರೆ, ನನ್ನ ಕೈಲಿ ಆಗ್ತಿಲ್ಲ, ಬಾ.

ಹದಿನಾಲ್ಕು ವರ್ಷ ಎರ್ಮೀನಿಯಾ ನನ್ನ ಎಡಗಡೆ ನಿಂತು ಮಾಂಸ ಕೊಯ್ದಳು. ಅವಳು ಎರಡು ಸಲ ಕುಟ್ಟಿದ್ದು ಕಡಿಮೆ. ಕುಟ್ಟಿದಾಗಲೆಲ್ಲ ನನ್ನ ಕೈ ನನ್ನನ್ನು ಕೇಳದೆಯೇ ಅವಳ ಕಡೆ ಹೋಗುತ್ತಿತ್ತು.

ಆ ವರ್ಷ ಏಪ್ರಿಲ್‌ನಲ್ಲಿ ಕೊರೊನಾ ನಮ್ಮ ಲೈನಿಗೆ, ನಾವು ಸಾಲಾಗಿ ನಿಂತು ಮಾಂಸ ಕೊಯ್ಯುವ ಜಾಗಕ್ಕೆ, ಬಂತು. ಮೊದಲು ನನಗೆ, ಆದರೆ ಬೇಗ ಎದ್ದು ಓಡಾಡುವಂತಾದೆ. ಮೇ ತಿಂಗಳಲ್ಲಿ ಅವಳಿಗೆ. ನಮ್ಮ ಟ್ರೇಲರ್ ಮನೆಗಳು ಅಕ್ಕಪಕ್ಕ. ಅವಳ ಮಗಳು ಯಾರೆಲಿಗೆ ಹದಿನೇಳು. ಚರ್ಚಿನಲ್ಲಿ ಅವಳ ತಲೆಗೆ ನೀರು ಹಾಕಿದ ದಿನ ಎತ್ತಿಕೊಂಡಿದ್ದವಳು ನಾನು, ಅದಕ್ಕೇ ಅವಳಿಗೆ ನಾನು ಮಾದ್ರೀನಾ, ಎರಡನೇ ತಾಯಿ.

ಶಾಲೆ ಮುಚ್ಚಿತ್ತು, ಪರೀಕ್ಷೆ ಮನೆಗೇ ಬಂದಿತ್ತು. ಇತಿಹಾಸ. ಹೈಸ್ಕೂಲಿನಲ್ಲೇ ಇದನ್ನು ಪಾಸು ಮಾಡಿದರೆ ಕಾಲೇಜಿನಲ್ಲಿ ಒಂದು ಇಡೀ ವಿಷಯ ಮುಗಿದ ಲೆಕ್ಕ. ನಲವತ್ತೈದು ನಿಮಿಷ, ಒಂದೇ ಪ್ರಬಂಧ. ಕಾಗದದ ಮೇಲೆ ಬರೆದು, ಫೋನಿನಲ್ಲಿ ಫೋಟೋ ತೆಗೆದು, ಗಡಿಯಾರ ನಿಲ್ಲುವುದರೊಳಗೆ ಕಳಿಸಬೇಕು. ನಡುವೆ ಎದ್ದು ಹೋದರೆ ಗಡಿಯಾರ ಕಾಯುವುದಿಲ್ಲ.

ಶುಕ್ರವಾರ ಮಧ್ಯಾಹ್ನ ನಾನು ಮಾಸ್ಕ್ ಕಟ್ಟಿಕೊಂಡು ಹೋದಾಗ ತಾಯಿ ಮಗಳು ಜಗಳಕ್ಕೆ ಬಿದ್ದಿದ್ದರು. ಎರ್ಮೀನಿಯಾಗೆ ಜ್ವರ ಹತ್ತಿ ಆರನೇ ದಿನ.

“ಜೂನ್‌ನಲ್ಲಿ ಇನ್ನೊಂದ್ಸಲ ಇಡ್ತಾರಂತಮ್ಮ. ಆವಾಗ ಬರೀತೀನಿ.”

“ಜೂನಂತೆ ಜೂನು! ಇವತ್ತು ಓದಿದ್ದು ಅಲ್ಲೀತನಕ ನಿಲ್ಲತ್ತಾ ನಿನ್ನ ತಲೇಲಿ? ನಿನ್ನೆ ಸೂಪಿಗೆ ಉಪ್ಪು ಹಾಕೋದೇ ಮರ್ತಿದ್ದೆ.”

“ಹಾಕಿದ್ದೆ. ನಿಂಗೇ ರುಚಿ ಗೊತ್ತಾಗ್ತಿಲ್ಲ.”

ನಾನೇ ಬಾಯಿ ಹಾಕಿದೆ. “ನಾನು ನಿನ್ ಹತ್ರ ಕೂತಿರ್ತೀನಿ ಕಣೆ. ಅವಳು ಬರೀಲಿ.”

“ನೀನಾ? ಲಾಲಾ, ಪಾದ್ರಿ ಪ್ರಸಂಗ ಮಾಡುವಾಗ್ಲೇ ಬಾಯಿ ಮುಚ್ಚಿದವಳಲ್ಲ ನೀನು. ಈ ಗೋಡೆ ನೋಡಿದ್ರೆ ರಟ್ಟು. ಮಗು ಇತಿಹಾಸ ಬಿಟ್ಟು ನಿನ್ ಗಂಡ ಓಡಿಹೋದ ಕತೆ ಬರೆದು ಕಳಿಸ್ತಾಳೆ.” ಎರ್ಮೀನಿಯಾ ನಗಲು ಹೋಗಿ ಕೆಮ್ಮಿದಳು. ಕೆಮ್ಮು ಮುಗಿಯುವವರೆಗೆ ಕಾದೆವು. “ಹೊರಗೆ ಕೂತು ನಾಯಿ ಓಡ್ಸು, ಹೋಗು.”

ಯಾರೆಲಿ ಒಂದು ಮರದ ಸೌಟು ತಂದು ತಾಯಿಯ ಕೈಗಿಟ್ಟಳು. “ಕೇಳು. ಗೋಡೆಗೆ ಒಂದು ಸಲ ಬಡಿದ್ರೆ, ನಾನು ಬರ್ಬೇಕು ಅಂತ. ಎರಡು ಬಡಿದ್ರೆ, ಚೆನ್ನಾಗಿದೀನಿ ಅಂತ. ಆಗಾಗ ಬಡೀತಿರ್ಬೇಕು, ಇಲ್ಲಾಂದ್ರೆ ಪೆನ್ ಬಿಸಾಕಿ ಬರ್ತೀನಿ.”

“ಒಂದು ಬಾ, ಎರಡು ಬರ್ಬೇಡ. ಆಯ್ತು ಟೀಚರಮ್ಮ.”

ನಮ್ಮ ಲೈನಿನಲ್ಲಿ ಇದು ತಿರುಗಾಮುರುಗಾ ಅಲ್ಲವೇನೆ ಅನ್ನುವ ಮಾತು ನಾಲಿಗೆಯ ತುದಿವರೆಗೆ ಬಂತು. ಆದರೆ ಆಗಷ್ಟೇ ಬೈಸಿಕೊಂಡಿದ್ದೆ. ಮುನಿಸೂ ಇತ್ತು. ನುಂಗಿಕೊಂಡು ಹೊರಗೆ ಬಂದೆ.

ಒಂದು ಗಂಟೆಗೆ ಪರೀಕ್ಷೆ ಶುರುವಾಯಿತು. ಎರ್ಮೀನಿಯಾಳ ಕೋಣೆಯ ಕಿಟಕಿ ಕೆಳಗೆ ಬಕೆಟ್ ಬೋರಲು ಹಾಕಿ ಕೂತೆ. ಎದುರು ಮನೆಯ ಎರಡು ನಾಯಿಗಳನ್ನು ಅಟ್ಟಿದೆ. ಕಾರಿನಲ್ಲಿ ತಮಾಲೆ, ನಮ್ಮ ಜೋಳದ ಕಡುಬು, ಮಾರುತ್ತಾ ಬಂದ ಹೆಂಗಸು ಹಾರ್ನ್ ಒತ್ತುವ ಮೊದಲೇ ಕೈಮುಗಿದು ಕಳಿಸಿದೆ.

ಟಕ್ ಟಕ್.

ನನ್ನ ಎಡಗೈ ಮಡಿಲಿನಿಂದ ಎದ್ದಿತು. ನಾಚಿಕೆಯಾಗಿ ಕೆಳಗಿಟ್ಟೆ. ಸ್ವಲ್ಪ ಹೊತ್ತಿಗೆ ಮತ್ತೆ ಟಕ್ ಟಕ್. ಅರ್ಧ ಗಂಟೆ ಕಳೆದಿರಬೇಕು, ಅವಸರದಲ್ಲಿ ಬಡಿದ ಹಾಗೆ, ಟಕ್ ಟಕ್, ಟಕ್ ಟಕ್. ಈ ಸಲ ನಾನೇ ಎದ್ದೆ. ಅಡುಗೆಮನೆಯ ಕಿಟಕಿಗೆ ಹೋಗಿ ಇಣುಕಿದೆ. ಯಾರೆಲಿ ಕೂದಲು ಕಾಗದದ ಮೇಲೆ ಬಿದ್ದದ್ದೂ ಗೊತ್ತಿಲ್ಲದೆ ಬರೆಯುತ್ತಿದ್ದಳು. ಬಡಿತ ಕೇಳಿ, ತಲೆ ಎತ್ತದೆಯೇ ಮುಗುಳ್ನಕ್ಕಳು.

ಇದು ಫ್ಯಾಕ್ಟರಿ ಅಲ್ಲ ಲಾಲಾ, ಎರಡು ಅಂದರೆ ಚೆನ್ನಾಗಿದೀನಿ ಅಂತ, ಅಂದುಕೊಂಡೆ. ಈಗ ಬಾಗಿಲು ತಟ್ಟಿದರೆ ಹುಡುಗಿಯ ಪೆನ್ನು ನಿಲ್ಲುತ್ತದೆ. ಎರ್ಮೀನಿಯಾ ವರ್ಷಗಟ್ಟಲೆ ಅದನ್ನೇ ಎತ್ತಿ ಆಡುತ್ತಾಳೆ. ವಾಪಸ್ಸು ಬಂದು ಬಕೆಟ್ಟಿನ ಮೇಲೆ ಕೂತೆ.

ಇನ್ನೊಂದು ಸಲ ಬಡಿದಳು. ಬಡಿದದ್ದಲ್ಲ, ಸೌಟು ಗೋಡೆಗೆ ಎರಡು ಸಲ ಉಜ್ಜಿದ ಸದ್ದು. ಆಮೇಲೆ ಇಲ್ಲ.

ಬಾಗಿಲು ದಡಾರನೆ ತೆರೆಯಿತು. “ಫೋಟೋ ಹೋಯ್ತು ಮಾದ್ರೀನಾ! ಎರಡು ನಿಮಿಷ ಇರೋವಾಗ್ಲೇ ಹೋಯ್ತು!” ತಾಯಿಗೆ ಹೇಳಲು ಒಳಗೆ ಓಡಿದಳು. ಮತ್ತೆ ಅವಳು ನನ್ನನ್ನು ಕರೆದ ದನಿಯನ್ನು ನಾನು ಬರೆಯಲಾರೆ.

ಎರ್ಮೀನಿಯಾಳ ತುಟಿ ಸ್ಲೇಟಿನ ಬಣ್ಣಕ್ಕೆ ತಿರುಗಿತ್ತು. ಸೌಟು ಕೈಯಲ್ಲೇ ಇತ್ತು, ಆಂಬುಲೆನ್ಸಿನವರು ಬಿಡಿಸಿಕೊಂಡರು. ಅರ್ಧ ಗಂಟೆ ಮೊದಲೇ ಕರೀಬೇಕಿತ್ತು ಅಂತ ಅವರಲ್ಲೊಬ್ಬ ಇನ್ನೊಬ್ಬನಿಗೆ ಹೇಳಿದ. ಯಾರೆಲಿ ಮಾಸ್ಕ್ ಹುಡುಕಲು ಒಳಗೆ ಹೋಗಿದ್ದಳು. ಕೇಳಿಸಿಕೊಂಡವಳು ನಾನೊಬ್ಬಳೇ.

ಆಸ್ಪತ್ರೆಯಲ್ಲಿ ಒಂಬತ್ತು ದಿನ ಗಂಟಲಲ್ಲಿ ಕೊಳವೆ. ನರ್ಸು ಫೋನನ್ನು ಅವಳ ಕಿವಿಯ ಹತ್ತಿರ ಹಿಡಿದಿದ್ದಳು, ನಾನು ಮುಕ್ಕಾಲು ಗಂಟೆ ಮಾತಾಡಿದೆ. ಸಾಕು ನಿಲ್ಸೇ ಅಂತ ಅವಳು ಅನ್ನಲಿಲ್ಲ. ಹತ್ತನೇ ದಿನ ಬೆಳಗ್ಗೆ ಹೋದಳು.

ಅವಳು ಮಗಳಿಗೆ ಚೆನ್ನಾಗಿದೀನಿ ಅಂತ ಸುಳ್ಳು ಹೇಳಿದಳೋ, ಜ್ವರದಲ್ಲಿ ಲೈನಿನಲ್ಲೇ ನಿಂತಿದ್ದೇನೆ ಅಂದುಕೊಂಡು ಬಲಗಡೆಯವಳನ್ನು ಕರೆದಳೋ ನನಗೆ ಗೊತ್ತಿಲ್ಲ. ಬಲಗಡೆಯವಳು ನಾನು. ಗೋಡೆಯಾಚೆ, ಕೈಗೆಟುಕುವಷ್ಟು ಹತ್ತಿರ ಕೂತಿದ್ದೆ.

ಜುಲೈಯಲ್ಲಿ ಫಲಿತಾಂಶ ಬಂತು. ಐದಕ್ಕೆ ನಾಲ್ಕು. ಕಾಲೇಜಿನವರು ಒಪ್ಪುತ್ತಾರಂತೆ. ಯಾರೆಲಿ ಫೋನ್ ಹಿಡಿದು ನಮ್ಮ ಮೆಟ್ಟಿಲ ಹತ್ತಿರ ಬಂದಳು. ನಾನು ತಬ್ಬಿಕೊಂಡೆ.

“ಮಾದ್ರೀನಾ, ನೀವು ಅಲ್ಲೇ ಇದ್ರಲ್ಲ. ಅಮ್ಮ ಕೊನೇವರ್ಗೂ ಎರಡೇ ಅಲ್ವಾ ಬಡಿದಿದ್ದು? ಒಂದ್ಸಲ ಬಡಿದದ್ದು ನಂಗೆ ಕೇಳ್ಸದೆ ಹೋಯ್ತೇನೋ ಅಂತ ದಿನಾ ಅನ್ಸತ್ತೆ.”

“ಎರಡೇ ಮಗಾ. ಪ್ರತಿ ಸಲಾನೂ ಎರಡೇ.”

“ನಿಜವಾಗ್ಲೂ?”

“ದೇವರಾಣೆ.”

ಅವಳು ಹೋಗಲಿಲ್ಲ. ನನ್ನ ಬಾಯಿ ಅವಳಿಗೆ ಗೊತ್ತಲ್ಲ, ಇನ್ನೇನಾದರೂ ಹೇಳುತ್ತೇನೆ ಅಂತ ಕಾಯುತ್ತಾ ನಿಂತಳು.

“ಅಷ್ಟೇ,” ಅಂದೆ.